ಹಾರೂಗೇರಿಯ ಡಬ್ಬಿಯಲ್ಲಿ ಕೊನೆಯ ಹಾಳೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ನಿಪ್ಪಾಣಿ ಬಸ್ ನಿಲ್ದಾಣ ಮುಟ್ಟಿದಾಗ ಚಿಕ್ಕೋಡಿ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿದೆ. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು, ಯಾರದೋ ಚೀಲದಿಂದ ತಂಬಾಕಿನ ಘಾಟು ಬರುತ್ತಿತ್ತು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಶೂನ್ಯ ದರದ ಟಿಕೇಟು ಹರಿದು ಕೊಟ್ಟ. ಚಿಕ್ಕೋಡಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರು. ಊರು ದಾಟುವಷ್ಟರಲ್ಲೇ ಇಳಿದು ಮನೆಗೆ ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಬಿಟ್ಟಿ ಪ್ರಯಾಣ, ಇಳಿದರೂ ನಷ್ಟವಿಲ್ಲ. ಆದರೂ ಕೂತೇ ಇದ್ದೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದೆವ್ವ ಗಿವ್ವ ಏನೂ ಇಲ್ಲ ಎಂದು ಮಕ್ಕಳಿಗೆ ಹೇಳುತ್ತೇನೆ, ಮನೆಗೆ ಬಂದು ದೆವ್ವದ ಕಾದಂಬರಿ ಓದುತ್ತೇನೆ. ನಾಚಿಕೆಯೇನಿಲ್ಲ. ನನ್ನಂಥವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಎಲ್ಲರೂ ಒಬ್ಬನೇ ಲೇಖಕನ ಹಿಂದೆ ಬಿದ್ದವರು. ಆ ಲೇಖಕರು ತೀರಿಕೊಂಡು ವರ್ಷಗಳಾದವು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರಿಗೆ 'ಕತ್ತಲ ಕಾಕಾ' ಎಂದೇ ಹೆಸರು. ಅವರು ಬರೆದದ್ದು ಮೂವತ್ತೆರಡು ಕಾದಂಬರಿ. ಗುಂಪು ಸೇರಿದ ಮೊದಲ ದಿನವೇ ನಾನು ಮೂವತ್ತೆರಡನ್ನೂ ಓದಿದ್ದೇನೆ ಎಂದು ಜಂಬ ಕೊಚ್ಚಿದ್ದೆ. ನಿಜ ಹೇಳಬೇಕೆಂದರೆ ಓದಿದ್ದು ಮೂವತ್ತೊಂದು, ಮತ್ತೆ ಒಂದು ಹಾಳೆ ಕಡಿಮೆಯಾದ ಇನ್ನೊಂದು.

ಆ ಹಾಳೆಯ ಕತೆ ಹೀಗೆ. ಹಾರೂಗೇರಿಯಲ್ಲಿ ದಸ್ತಗೀರ ಮಾಮಾ ಎನ್ನುವವರು ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಒಯ್ದವರು ಬೇಗ ಮರಳಿಸಲಿ ಎಂದು ಅವರು ಒಂದು ಉಪಾಯ ಹೂಡಿದ್ದರು. ಪ್ರತಿ ದೆವ್ವದ ಕಾದಂಬರಿಯ ಕೊನೆಯ ಹಾಳೆಯನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಪುಸ್ತಕ ತಂದುಕೊಟ್ಟವರಿಗೆ ಮಾತ್ರ ಹಾಳೆ. ಅದನ್ನು ಕೌಂಟರಿನ ಮುಂದೆ ನಿಂತೇ ಓದಿ ವಾಪಸು ಕೊಡಬೇಕು. ಸಂಜೆ ಅಲ್ಲಿ ನಾಲ್ಕೈದು ಜನ ಒಂದೊಂದು ಹಾಳೆ ಹಿಡಿದು ಬಾಯಿ ತೆರೆದು ನಿಂತಿರುತ್ತಿದ್ದರು. ನಾನು ಆ ಊರಲ್ಲೇ ಎಂಟನೆಯ ತರಗತಿಯಲ್ಲಿದ್ದಾಗ ಕಾಕಾನ 'ಹಗ್ಗ ಇಳಿದ ಬಾವಿ'ಯನ್ನು ಒಯ್ದೆ. ಅದೇ ವಾರ ಅಪ್ಪನಿಗೆ ವರ್ಗವಾಯಿತು. ಸಾಮಾನಿನ ಜೊತೆ ಪುಸ್ತಕವೂ ಲಾರಿ ಹತ್ತಿತು, ಹಾಳೆ ಡಬ್ಬಿಯಲ್ಲೇ ಉಳಿಯಿತು. ಆ ಕಾದಂಬರಿ ಮತ್ತೆ ಅಚ್ಚಾಗಲೇ ಇಲ್ಲ, ಬೇರೆ ಪ್ರತಿ ಎಲ್ಲೂ ಸಿಗಲಿಲ್ಲ.

ಚಿಕ್ಕೋಡಿಯಲ್ಲಿ ಮುಕ್ಕಾಲು ತಾಸು ಕಾಯಬೇಕಾಯಿತು. ಹತ್ತು ರೂಪಾಯಿಯ ಚಹಾ ಅರ್ಧ ಕುಡಿದು ಇಟ್ಟೆ. ಸಂಕಟಕ್ಕೆ ಕಾರಣ ರಾಯಬಾಗದ ಕಮಲಕ್ಕ. ನಮ್ಮ ಗುಂಪಿನವರೇ. ತವರು ಹಾರೂಗೇರಿ ಹತ್ತಿರದ ಅಲಖನೂರು, ಗಂಡನದು ರಾಯಬಾಗದಲ್ಲಿ ನೌಕರಿ. ಹೋದ ವರ್ಷ ಅವರ ಮಗಳು ರೇಖಾಳಿಗೆ ಡೆಂಗಿ ಜ್ವರ ಬಂದು ಮಿರಜದ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಮೂರನೆಯ ದಿನ ಮಧ್ಯಾಹ್ನ ಕಮಲಕ್ಕ ನನಗೆ ಫೋನ್ ಮಾಡಿದರು. ಮಗಳ ವಿಷಯ ಎರಡು ಮಾತು ಆಡಿ, 'ಹಗ್ಗ ಇಳಿದ ಬಾವಿ'ಯಲ್ಲಿ ಬಾವಿಗೆ ಬಿದ್ದ ಆ ಹುಡುಗಿ ಕೊನೆಗೆ ಮೇಲೆ ಬರುತ್ತಾಳೇನು ಎಂದು ಕೇಳಿದರು. ಬರುತ್ತಾಳೆ ಎಂದೆ. ಅಷ್ಟಕ್ಕೇ ಬಿಡದೆ, ತಾಯಿ ಹಗ್ಗ ಎಳೆದಳು, ಹುಡುಗಿ ಒದ್ದೆಬಟ್ಟೆಯಲ್ಲೇ ತಾಯಿಯ ಕೊರಳಿಗೆ ಬಿದ್ದಳು ಎಂದು ಕಣ್ಣಾರೆ ಓದಿದವಳಂತೆ ವರ್ಣಿಸಿದೆ. ರೇಖಾ ಉಳಿದಳು. ಅಂದಿನಿಂದ ಕಮಲಕ್ಕ ಗುಂಪಿನಲ್ಲಿ, ಆವತ್ತು ಹುಡುಗಿ ಮೇಲೆ ಬರುತ್ತಾಳೆಂಬ ಅಕ್ಕೋರ ಮಾತು ಹಿಡಿದುಕೊಂಡೇ ಕೂತಿದ್ದೆ ಎಂದು ಹೇಳುತ್ತ ಬಂದರು. ನಮ್ಮ ಕಡೆ ಟೀಚರಿಗೆ ಅಕ್ಕೋರ ಎನ್ನುತ್ತಾರೆ.

ಈಗ ನಮ್ಮ ಗುಂಪಿನ, ಅಥಣಿಯ ಸಚಿನ್ ಎಂಬ ಮೊಬೈಲ್ ಅಂಗಡಿಯ ಹುಡುಗ ದಸ್ತಗೀರ ಮಾಮಾನನ್ನೂ ಡಬ್ಬಿಯನ್ನೂ ಪತ್ತೆ ಹಚ್ಚಿದ್ದ. ಭಾನುವಾರ ಎಲ್ಲರೂ ಸೇರುವುದು, ಮಾಮಾ ಆ ಹಾಳೆ ಓದುವುದು ಎಂದು ನಿಶ್ಚಯವಾಗಿತ್ತು. ಹಾಳೆಯಲ್ಲಿ ಬೇರೆ ಏನಾದರೂ ಇದ್ದರೆ, ಮಗಳ ಜೀವ ತೂಗುತ್ತಿದ್ದಾಗ ನಾನು ಸುಳ್ಳು ಹೇಳಿದೆ ಎಂದು ಕಮಲಕ್ಕನಿಗೆ ತಿಳಿಯುತ್ತದೆ. ಅದಕ್ಕಿಂತ ಮೊದಲು ನಾನೇ ಹೇಳಿಬಿಡಬೇಕು. ಇದೊಂದೇ ಲೆಕ್ಕಾಚಾರದಲ್ಲಿ ರಾಯಬಾಗದ ಬಸ್ಸು ಹತ್ತಿದೆ.

ರಾಯಬಾಗದಲ್ಲಿ ಕಮಲಕ್ಕ ರೊಟ್ಟಿಯ ಗಂಟು ಹಿಡಿದು ಹಾರೂಗೇರಿ ಬಸ್ಸಿನಲ್ಲಿ ನನಗೂ ಜಾಗ ಹಿಡಿದಿದ್ದರು. ಇಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ನನಗೆ ಬೇಕಾದಷ್ಟು ಸಮಯವಿತ್ತು. ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತು ಇಪ್ಪತ್ತು ನಿಮಿಷ ಬಸ್ಸು ಕದಲಲಿಲ್ಲ. ಆಗ, "ಕಮಲಕ್ಕ, ಒಂದು ಮಾತು," ಎಂದು ಶುರು ಮಾಡಿದೆ. ಅವರು ನನ್ನ ಮುಖ ನೋಡುತ್ತ ಕಾದರು. ನಾನು ರೊಟ್ಟಿಗೆ ಏನು ಪಲ್ಯ ತಂದಿದ್ದೀರಿ ಎಂದು ಕೇಳಿದೆ. ಬದನೆಕಾಯಿ ಎಂದರು. ಎರಡನೆಯ ಸಲ ಬಾಯಿ ತೆರೆದಾಗ ಫೋನಿನಲ್ಲಿ ರೇಖಾಳ ಫೋಟೋ ತೋರಿಸಿದರು, ಚೆನ್ನಾಗಿ ಬಂದಿದೆ ಎಂದು ಹೇಳಿ ಫೋನ್ ಮರಳಿಸಿದೆ. ಪಾಠ ಓದದೆ ಬಂದ ಮಕ್ಕಳನ್ನು ನಿಲ್ಲಿಸಿ ಬೈಯುತ್ತೇನಲ್ಲ, ಅವರ ಗತಿ ಏನು ಎಂದು ಆವತ್ತು ತಿಳಿಯಿತು.

ಮಾಮಾನ ಮನೆ ಹಾರೂಗೇರಿ ಪೇಟೆಯ ಹಿಂದಿನ ಓಣಿಯಲ್ಲಿ. ಎಂಬತ್ತು ದಾಟಿದರೂ ಗಟ್ಟಿ ಆಳು. ನಾನು ಅಂದು ಒಯ್ದಿದ್ದ ಹಳೆಯ ಪುಸ್ತಕವನ್ನು ಕೈಗಿಟ್ಟಾಗ ಬೆನ್ನಿನ ಮೇಲಿನ ನಂಬರು ನೋಡಿ ನಕ್ಕರು. ಒಟ್ಟು ಹದಿನಾಲ್ಕು ಜನ ಜಮಖಾನೆಯ ಮೇಲೆ ಕೂತೆವು. ಚುರಮುರಿ, ಮಿರ್ಚಿ ಭಜಿ ಬಂದವು.

ಮಾತು ಏರಿತು. ಇಪ್ಪತ್ತನೆಯ ಪುಸ್ತಕದ ನಂತರ ಕಾಕಾನ ಕೈ ಸೋತಿತು, ಎಲ್ಲದರಲ್ಲೂ ಅದೇ ಹಾಳು ಬಂಗಲೆ, ಅದೇ ಕುಂಟ ವಾಚಮನ್ ಎಂದು ಸಚಿನ್ ವಾದಿಸಿದ. ಕಾಗವಾಡದಿಂದ ಬಂದಿದ್ದ ಬೀರಪ್ಪ ಒಪ್ಪಲಿಲ್ಲ. ಬೀರಪ್ಪ ಕುರಿ ಕಾಯುವವರು, ಕುರಿ ಮೇಯಿಸುತ್ತ ಹಗಲು ಮಾತ್ರ ಓದುತ್ತಾರೆ, ಹೊತ್ತು ಮುಳುಗಿದ ಮೇಲೆ ಕಾಕಾನ ಪುಸ್ತಕ ಮುಟ್ಟುವುದಿಲ್ಲ. ಕಾಕಾನ ಇನ್ನೊಂದು ಕಾದಂಬರಿಯ ಒಂಬತ್ತನೆಯ ಅಧ್ಯಾಯ ಓದುವಾಗ ಅವರ ಕುರಿಗಳೆಲ್ಲ ಮಂದಿಯ ಜೋಳದ ಹೊಲಕ್ಕೆ ನುಗ್ಗಿ ದೊಡ್ಡ ಜಗಳವಾಗಿತ್ತಂತೆ. ಕಾಕಾ ಎಲ್ಲೂ ದೆವ್ವವನ್ನು ತೋರಿಸುವುದಿಲ್ಲ, ನಾಯಿ ಬೊಗಳುವುದನ್ನು ನಿಲ್ಲಿಸಿತು ಎಂದಷ್ಟೇ ಬರೆಯುತ್ತಾರೆ ಎಂದು ಬೀರಪ್ಪ ಹೇಳಿದರು. "ನಾಯಿ ಒದರಿದ್ರ ಅಂಜಿಕಿಲ್ರಿ. ಸುಮ್ಮ ಆತಂದ್ರ ಎದಿ ಧಸಕ್ಕಂತೈತಿ. ಕುರಿ ಕಾಯದವ್ರಿಗಿ ಇದ ತಿಳಿಯೂದಿಲ್ಲ." ಸಚಿನ್ ಚುರಮುರಿಗೆ ಕೈ ಹಾಕಿದ. ನಾನಾದರೆ ಈ ಮಾತಿನ ಮೇಲೆ ಅರ್ಧ ತಾಸು ಹರಟುವವಳು, ಆವತ್ತು ಭಜಿಯ ತುದಿ ಮುರಿಯುತ್ತ ಕೂತೆ.

ಮಾಮಾ ಡಬ್ಬಿ ತೆರೆದರು. ಹಳದಿಯಾದ ಹಾಳೆ. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ತಾಯಿ ಹಗ್ಗ ಎಳೆಯುತ್ತಾಳೆ. ಗಾಲಿ ಕಿರುಗುಟ್ಟುತ್ತದೆ. ಕೆಳಗಿನಿಂದ 'ಅವ್ವಾ' ಎಂಬ ದನಿ ಒಂದೇ ಸಮ ಕೇಳುತ್ತಿರುತ್ತದೆ. ಕೊನೆಯ ಸಾಲು: ಹಗ್ಗ ಹಗುರವಾಗಿ ಮೇಲೆ ಬಂತು.

ಮಾಮಾ ಹಾಳೆಯನ್ನು ಮತ್ತೆ ಡಬ್ಬಿಗೆ ಹಾಕಿದರು. ಆಮೇಲೆ ಸಚಿನ್ ನನ್ನ ಕಡೆ ತಿರುಗಿ, ಅಕ್ಕೋರ, ಹುಡುಗಿ ಮೇಲೆ ಬರುತ್ತಾಳೆ ಅಂದಿದ್ದಿರಲ್ಲ ಎಂದ. ಹದಿಮೂರು ಮುಖಗಳು ನನ್ನನ್ನೇ ನೋಡಿದವು. ನಾನು ಕಮಲಕ್ಕನನ್ನು ಮಾತ್ರ ನೋಡಿ ಹೇಳಿದೆ.

"ನಾ ಈ ಹಾಳಿ ಓದೇ ಇರಲಿಲ್ರಿ, ಕಮಲಕ್ಕ. ಆವತ್ತ ನಿಮಗ ಸುಳ್ಳ ಹೇಳಿದ್ನಿ."

ಕಮಲಕ್ಕ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು, ಕೈ ನಿಲ್ಲಲಿಲ್ಲ. "ಗೊತ್ತೈತ್ರಿ," ಎಂದರು. "ನಾ ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಅಲಖನೂರಿಂದ ಸೈಕಲ್ ಮ್ಯಾಲ ಬಂದು ಈ ಹಾಳಿ ಓದೇನಿ. ಆಮ್ಯಾಲ ನೀವು ಪುಸ್ತಕ ಒಯ್ದು ಊರ ಬಿಟ್ರಿ. ನಿಮ್ಮ ಹಾಳಿ ಡಬ್ಬ್ಯಾಗ ಉಳದೈತಿ ಅಂತ ಮಾಮಾ ನಿಮ್ಮ ಹೆಸರ ಹಿಡದ ಎಲ್ಲಾರ ಮುಂದೂ ಹೇಳ್ತಿದ್ರು."

ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ ಎಂದೆ. 

"ಆಸ್ಪತ್ರ್ಯಾಗ ಕೂತ್ರ ತಲ್ಯಾಗ ಇದೊಂದ ಸಾಲ ತಿರಗತಿತ್ತು. ಯಾರರ ಬ್ಯಾರೆ ಹೇಳಿದ್ರ ಸಾಕಾಗಿತ್ತು. ಓದಿದವ್ರನ್ನ ಕೇಳಿದ್ರ ಖರೇ ಹೇಳ್ತಿದ್ರು. ಓದಿಲ್ದನ ಓದೇನಿ ಅನ್ನಾಕಿ ಅಂದ್ರ ನೀವ ಒಬ್ರ ಇದ್ರಿ, ಅದಕ್ಕ ನಿಮಗ ಫೋನ್ ಹಚ್ಚಿದ್ನಿ." ಎಲೆಗೆ ರೊಟ್ಟಿ ಹಾಕುತ್ತ ಮುಂದುವರಿದರು: "ಬಸ್ಸಿನ್ಯಾಗ ಹೇಳ್ತೀರೇನೋ ಅಂತ ಕಾಯ್ದ್ನಿ. ನೀವು ಪಲ್ಲೆ ಕೇಳಿದ್ರಿ."

ಮನೆಯೆಲ್ಲ ನಗು. ಬೀರಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನಗೆ ಎಷ್ಟು ನಿರಾಳವಾಯಿತೆಂದರೆ ಆಮೇಲೆ ನಾಲ್ಕು ರೊಟ್ಟಿ ತಿಂದೆ, ಶೇಂಗಾಹಿಂಡಿ ಚಟ್ನಿ ಎರಡು ಸಲ ಹಾಕಿಸಿಕೊಂಡೆ, ಸಚಿನ್ ಜೊತೆ ಹಾಳು ಬಂಗಲೆಗಳ ಪರವಾಗಿ ಗಂಟಲು ಹರಿಯುವಂತೆ ಜಗಳ ಮಾಡಿದೆ.  

ನಾಲ್ಕು ಗಂಟೆಯ ಬಸ್ಸಿಗೆ ಮರಳಿ ಹೊರಟೆವು. ದಾರಿಯುದ್ದ ಕಮಲಕ್ಕ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ರಾಯಬಾಗದಲ್ಲಿ ಎಬ್ಬಿಸಿ ಇಳಿಸಿದೆ. ನಿಲ್ದಾಣದ ಗೇಟಿನಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಮಲಕ್ಕ ಹತ್ತಿರ ಹೋದದ್ದೇ ತಡ, ಫೋನ್ ಯಾಕೆ ಎತ್ತಲಿಲ್ಲ ಎಂದು ಅವ್ವನಿಗೆ ಬೈಯತೊಡಗಿದಳು. ಕಮಲಕ್ಕ ಅವಳ ಹಿಂದೆ ಕೂತು, ಎರಡೂ ಕೈಯಿಂದ ಅವಳ ಸೊಂಟ ಬಿಗಿಯಾಗಿ ಹಿಡಿದುಕೊಂಡರು. ಚಿಕ್ಕೋಡಿ ಬಸ್ಸು ಹೊರಡುತ್ತಿದೆ ಎಂದು ಕಂಡಕ್ಟರು ಕೂಗಿದ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದ್ದೆ. ರೇಖಾ ಗಾಡಿ ತಿರುಗಿಸಿ, ಇನ್ನೂ ಬೈಯುತ್ತಲೇ, ಪೇಟೆಯ ಕಡೆ ಹೋದಳು.