ಎಂಟನೆಯ ಸಿಂಚನ

ಮೈಸೂರಿನಲ್ಲಿ ನರ್ಸ್ ತರಬೇತಿಗಿದ್ದಾಗ ರೋಜಾ ಆ ಹೆಸರನ್ನು ಮೊದಲ ಸಲ ಕೇಳಿದ್ದಳು. ವಾರ್ಡಿನಲ್ಲಿ ಒಬ್ಬ ತಾಯಿ ತೊಡೆ ಮೇಲಿನ ಮಗುವನ್ನು 'ಸಿಂಚನಾ' ಎಂದು ಕರೆದಳು. ಬಿಸಿಲಿನಿಂದ ಬಂದವರ ಮುಖಕ್ಕೆ ಯಾರೋ ನೀರು ಚಿಮುಕಿಸಿದ ಹಾಗಾಯಿತು. ತನಗೆ ಮಗಳು ಹುಟ್ಟಿದರೆ ಇದೇ ಹೆಸರು ಎಂದು ಅವತ್ತೇ ನಿಶ್ಚಯ ಮಾಡಿಕೊಂಡಳು.

೧೯೯೨ರಲ್ಲಿ ಅವಳಿಗೆ ಹೆಮ್ಮಿಗೆ ಸುತ್ತಿನ ಹಳ್ಳಿಗಳ ಕೆಲಸ ಸಿಕ್ಕಿತು. ಅದೇ ವರ್ಷ ಮದುವೆಯೂ ಆಯಿತು. ಗಂಡ ನಾಗೇಂದ್ರ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇಬ್ಬರೂ ತಿ. ನರಸೀಪುರದಲ್ಲಿ ಮನೆ ಮಾಡಿ, ಬೆಳಗ್ಗೆ ಎದ್ದು ಒಬ್ಬೊಬ್ಬರು ಒಂದೊಂದು ದಿಕ್ಕಿನ ಬಸ್ಸು ಹಿಡಿಯುತ್ತಿದ್ದರು. ವರ್ಷಗಳು ಉರುಳಿದವು. ಊರಿನವರ ಮಕ್ಕಳೆಲ್ಲ ರೋಜಾಳ ಕೈಯಲ್ಲೇ ಹುಟ್ಟಿದವು. ಅವಳ ಮಡಿಲು ಮಾತ್ರ ತುಂಬಲಿಲ್ಲ.

ಐದನೆಯ ವರ್ಷ ಅಂಗಡಿ ಚಿಕ್ಕಬಸಪ್ಪನವರ ಸೊಸೆ ಚನ್ನಬಸಮ್ಮನಿಗೆ ಹೆರಿಗೆ ಕಷ್ಟವಾಯಿತು. ಮಗು ಹೊರಬಂದರೂ ಅಳಲಿಲ್ಲ. ರೋಜಾ ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು. ಬಾಯಲ್ಲಿ ಏನು ಬರುತ್ತಿದೆ ಎಂಬ ಎಚ್ಚರವೂ ಇಲ್ಲದೆ, "ಅಳು ಸಿಂಚನ, ಅಳು" ಎಂದಳು. ಮಗು ಕಿಟಾರನೆ ಕಿರುಚಿತು.

"ಅದೇನ್ ಎಸ್ರು ಅಂದ್ರಿ ಸಿಸ್ಟರ್?" ಬಳಲಿ ಮಲಗಿದ್ದ ಚನ್ನಬಸಮ್ಮ ಕೇಳಿದಳು. "ಅದ್ನೇ ಇಡ್ತೀವಿ ಕಣ್ರೀ. ಆ ಎಸ್ರು ಕೂಗ್ದಾಗ್ಲೇ ಜೀವ ಬಂದದ್ದು."

ಬೇಡ, ಅದು ನನ್ನದು ಎಂದು ಹೇಳುವುದಾದರೂ ಹೇಗೆ? ರೋಜಾ ನಕ್ಕು, ಮಗುವನ್ನು ಒರೆಸಿ ತಾಯಿಯ ಪಕ್ಕಕ್ಕೆ ಮಲಗಿಸಿದಳು.

ಅಲ್ಲಿಂದಾಚೆಗೆ ಹೆಸರು ಕೈತಪ್ಪಿ ಹೋಯಿತು. ಮೇಲಿನ ಬೀದಿಯಲ್ಲಿ ಒಬ್ಬಳು, ಕಾಲುವೆ ಆಚೆ ಇನ್ನೊಬ್ಬಳು, ಕೂಲಿ ಮಾಡುವ ಮಹದೇವಮ್ಮನ ಮೊಮ್ಮಗಳು ಮತ್ತೊಬ್ಬಳು. ಪೋಲಿಯೊ ಹನಿಯ ಪಟ್ಟಿಯಲ್ಲಿ ಏಳನೆಯ ಸಿಂಚನಳ ಹೆಸರನ್ನು ಬರೆದ ವಾರವೇ ರೋಜಾಳಿಗೆ ತಾನು ಬಸುರಿ ಎಂದು ತಿಳಿದದ್ದು. ಮದುವೆಯಾಗಿ ಆಗ ಎಂಟು ವರ್ಷ.

ಬಾಣಂತನಕ್ಕೆ ಚಿಕ್ಕಯ್ಯನಛತ್ರದ ತವರಿಗೆ ಬಂದಳು. ಹೆಣ್ಣು ಮಗು. ನಾಗೇಂದ್ರ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಹೆಸರಿನ ಪುಸ್ತಕವೊಂದನ್ನು ಕೊಂಡು ತಂದ.

"ಕಾವ್ಯ?"

"ನಮ್ ಅಂಗನವಾಡೀಲಿ ಮೂವರು ಇದಾರೆ."

"ರಂಜಿನಿ?"

"ಇಬ್ಬರು. ಒಬ್ಳಿಗೆ ರಜೆ ಹಾಕೋ ಮುಂಚೆ ನಾನೇ ಸೂಜಿ ಹಾಕಿದ್ದೆ."

"ಸರಿ ಬಿಡು. ಹಿರಣ್ಯಪ್ರಭಾವತಿ. ಯಾರ್ಗೂ ಇಲ್ಲ."

"ಕೂಗಿ ಮುಗ್ಸೋ ಹೊತ್ಗೆ ಮಗು ಬೀದಿ ದಾಟಿರ್ತದೆ ರೀ!"

ನಕ್ಕವಳ ಕಣ್ಣಲ್ಲಿ ನೀರು ತುಂಬಿತು. ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದನ್ನು ಆಗ ಹೇಳಿದಳು: "ನನ್ ಮಗಳಿಗೆ ಅಂತ ಒಂದು ಹೆಸರು ಇಟ್ಕೊಂಡಿದ್ದೆ. ಈಗ ಅದು ಊರಿಗೆಲ್ಲ ಆಗೋಯ್ತು. ಎಂಟನೇದು ಅಂತ ನಮ್ಮದನ್ನ ಸೇರಿಸ್ಬೇಕಾ?"

ಜಗುಲಿಯಲ್ಲಿ ಕೂತು ಎಲೆ ಮಡಿಸುತ್ತಿದ್ದ ಅಪ್ಪ ಮರಿಯಯ್ಯ ಒಳಗೆ ಬಂದ. ಅವನು ಮಾತು ಕಡಿಮೆಯ ಮನುಷ್ಯ.

"ಆ ಏಳ್ ಮಕ್ಳು ಯಾರ್ ಮನೆವು ಕೂಸೇ?"

"ಅಂಗಡಿಯವರದು, ಗೌಡ್ರದು, ನಮ್ಮೋರದು... ಎಲ್ಲಾ ಬೀದಿಯವೂ."

"ನನ್ನ ಇಸ್ಕೂಲ್ಗೆ ಸೇರ್ಸಕೆ ನಮ್ಮಪ್ಪ ಕರ್ಕೊಂಡೋದಾಗ ಮರಿಯಯ್ಯ ಅಂತ ಬರೀರಿ ಸಾ ಅಂದ. ನಿಮ್ ಬೀದಿಗೆ ಅಯ್ಯ ಯಾಕ್ಲಾ ಅಂದ್ಬುಟ್ಟು ಮರಿಯ ಅಂತ ಬರ್ದ್ರು ಮೇಷ್ಟ್ರು. ಆವಾಗ ಎಸ್ರು ಏಳುದ್ರೆ ಸಾಕು, ಯಾವ್ ಬೀದಿಯೋನು ಅಂತ ತಿಳ್ಕಬುಡೋರು." ಮರಿಯಯ್ಯ ಮಗುವಿನ ಹೊದಿಕೆಯನ್ನು ಸರಿಪಡಿಸಿದ. "ಈಗ ನೀನು ಸಿಂಚ್ನ ಅಂತ ಕೂಗು. ಯಾವ್ ಬೀದಿ ಕೂಸು ಅಂತ ಯಾರಾದ್ರೂ ಏಳಕ್ಕಾದದಾ? ಎಲ್ಲಾರ್ಗೂ ಇರೋ ಎಸ್ರು ನಮ್ ಕೂಸ್ಗೂ ಇರ್ಲಿ ಕನವ್ವ."

ಅಪ್ಪ ಈ ಸಂಗತಿಯನ್ನು ಅದುವರೆಗೆ ಒಮ್ಮೆಯೂ ಹೇಳಿರಲಿಲ್ಲ. ಅವನ ಮತದಾರರ ಚೀಟಿಯಲ್ಲಿ ಮರಿಯಯ್ಯ ಎಂದೇ ಇತ್ತು. ಶಾಲೆಯ 'ಮರಿಯ'ವನ್ನು ಹಾಗೆ ತಿದ್ದಿಸಲು ಎಷ್ಟು ಸಲ ಅರ್ಜಿ ಹಿಡಿದು ಓಡಾಡಿದ್ದನೋ, ಅದನ್ನೂ ಹೇಳಲಿಲ್ಲ. ಎಲೆಯಡಿಕೆ ಬಾಯಿಗಿಟ್ಟುಕೊಂಡು ಹೊರಗೆ ಹೋದ.

ರೋಜಾ ಎರಡು ದಿನ ಯೋಚಿಸಿದಳು. ಪಟ್ಟಿಯಲ್ಲಿ ಆ ಏಳು ಹೆಸರುಗಳನ್ನು ಬರೆದವಳು ತಾನೇ. ಅಂಗಡಿ ಮನೆಯದು ಯಾವುದು, ಮಹದೇವಮ್ಮನ ಮನೆಯದು ಯಾವುದು ಎಂದು ತಿಳಿಯಲು ಪ್ರತಿ ಸಲವೂ ತಂದೆಯ ಹೆಸರು ನೋಡಬೇಕಾಗುತ್ತಿತ್ತು. ಅದನ್ನೊಂದು ತಲೆನೋವು ಎಂದಷ್ಟೇ ಎಣಿಸಿದ್ದಳು. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮರಿಯಯ್ಯನೇ ಮೂರು ಸಲ ಹೆಸರು ಹೇಳಿದ. 'ಸಿಂಚ್ನ' ಎಂದೇ ಹೇಳಿದ; ಯಾರೂ ತಿದ್ದಲಿಲ್ಲ.

೨೦೦೬ರಲ್ಲಿ ಮಗಳು ತಿ. ನರಸೀಪುರದ ಶಾಲೆಗೆ ಸೇರಿದಳು. ಮೊದಲ ವಾರವೇ ಮುಖ ಊದಿಸಿಕೊಂಡು ಬಂದಳು. "ನಮ್ ಕ್ಲಾಸಲ್ಲಿ ನಾಲ್ಕು ಸಿಂಚನ ಇದಾರೆ ಅಮ್ಮ. ಮಿಸ್ ನನ್ನ ಕುಳ್ಳಿ ಸಿಂಚನ ಅಂತಾರೆ. ಬೇರೆ ಹೆಸರೇ ಸಿಗ್ಲಿಲ್ವಾ ನಿಂಗೆ?"

ತಾತ ತೀರಿಕೊಂಡು ಆಗ ಒಂದು ವರ್ಷ. ರೋಜಾ ಮಗಳ ಜಡೆ ಬಿಚ್ಚುತ್ತಾ ತಾತನ ಹೆಸರಿನ ಕಥೆ ಹೇಳಲು ಹೊರಟಳು. ಆರು ವರ್ಷದ ಕೂಸಿಗೆ ಬೀದಿಯ ಮಾತು ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲ.

"ಕುಳ್ಳಿ ಅಂತ ಕರೀಬೇಡಿ ಅಂತ ನಾಳೆ ಮಿಸ್‌ಗೆ ನಾನೇ ಹೇಳ್ತೀನಿ" ಎಂದಳು. ಮಾರನೆಯ ದಿನ ಅರ್ಧ ದಿನದ ರಜೆ ಹಾಕಿ, ಮಗಳ ಕೈ ಹಿಡಿದು ಶಾಲೆಗೆ ಹೋದಳು.