ಕರೆಂಟ್ ಹೋದಾಗ ಮಾಡಿದ ಉಳಿತಾಯ

ಗೆಳೆಯರೇ, ಇವತ್ತು ರಾಯದುರ್ಗದ ನಮ್ಮ ಜೀನ್ಸ್ ಪ್ಯಾಂಟ್ ಹೊಲಿಯುವ ಶೆಡ್ಡಿನಲ್ಲಿ ಕುಳಿತು ಸರ್ಕಾರದ ಖರ್ಚನ್ನೆಲ್ಲ ಇಳಿಸಿಬಿಟ್ಟೆವು.

ಕರೆಂಟ್ ಹೋಗಿ ಮಷಿನ್‌ಗಳು ನಿಂತಿದ್ದವು. ಟೈಲರ್ ತಿಪ್ಪೇಸ್ವಾಮಿ, "ಮೊದ್ಲು ಆ ಎಮ್ಮೆಲ್ಲೆಗಳ ಕಾರು ತೆಗೀಬೇಕ್ರಿ" ಎಂದು ಶುರು ಮಾಡಿದ. ನಾನು ಸುಮ್ಮನಿರುತ್ತೇನೆಯೇ? "ಕಾರು ಬಿಡಪಾ, ಹೆಂಗಸರ ಫ್ರೀ ಬಸ್ ನಾಳಿಂದನ ಬಂದ್ ಮಾಡ್ಬೇಕು. ಖಜಾನಿ ತಾನ ತುಂಬ್ತೈತಿ" ಎಂದು ಕಟಿಂಗ್ ಮೇಜು ಕುಟ್ಟಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಸಂಜೆ ಗಂಗಮ್ಮ ನನ್ನ ಹತ್ತಿರ ಬಂದಳು. ಬೊಮ್ಮನಹಾಳ್ ಕಡೆಯಿಂದ ದಿನಾ ಬಂದು, ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಹೆಂಗಸು. ತನ್ನ ಕತ್ತರಿಯನ್ನು ನನ್ನ ಮುಂದಿಟ್ಟಳು.

"ಇದನ್ನ ಒಳಗ ಇಡ್ರಿ ಮಾಸ್ಟರ್. ನಾಳಿಂದ ಬರಾಕ ಆಗಂಗಿಲ್ಲ."

"ಯಾಕಮ್ಮ?"

"ಫ್ರೀ ಬಸ್ ಬಂದ್ ಅಂತ ನೀವ ಅಂದ್ರಲ್ರಿ. ಟಿಕೆಟ್ ತಗೊಂಡು ಬಂದ್ರ ಕೂಲ್ಯಾಗ ಏನ್ ಉಳೀತೈತಿ?"

"ಅಯ್ಯೋ, ಅದು ಸುಮ್ನ ಆಡಿದ ಮಾತಮ್ಮ!"

"ಸುಮ್ನನಾ? ಅಷ್ಟು ಜೋರಾಗಿ ಅಂದ್ರಲ್ರಿ?"

ಎಷ್ಟು ಹೇಳಿದರೂ ಪೂರ್ತಿ ನಂಬದೆ, ಕತ್ತರಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು. ಅದಿನ್ನೂ ಮೇಜಿನ ಮೇಲೆಯೇ ಇದೆ. ನಾಳೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಖರ್ಚಿನ ವಿಷಯದಲ್ಲಿ ನಮ್ಮಂಥವರ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಇಷ್ಟು ವರ್ಷ ಗೊಣಗುತ್ತಿದ್ದೆ. ಇವತ್ತು ಒಬ್ಬಳು ಕೇಳಿದಳು.