ತಾಯಿಕುರಿ ಆರಿಸಿದ ಸದ್ದು

ಸತ್ತ ಮರಿ ತಿರುಗಿ ಬರಲಿಲ್ಲ. ಮೊಬೈಲು ಕೂಗಿತು, ಕುರಿ ಮೋಸಹೋಯಿತು. ನಡೆದದ್ದು ಇಷ್ಟೇ. ನಮ್ಮೂರು ಹಲಬರ್ಗಾದ ಮಂದಿ ದೆವ್ವ-ಗಿವ್ವ ಎನ್ನುತ್ತಿದ್ದಾರೆ, ನೀವು ನಂಬಬೇಡಿ.

ಬೀದರಿನಲ್ಲಿ ನಾಟಕಗಳಿಗೆ ಸದ್ದು ಒದಗಿಸುವ ನನ್ನ ಮೊಮ್ಮಗಳು ಸುವರ್ಣಾ ನಮ್ಮ ಹಟ್ಟಿಗೆ ಬಂದು, ಆಗತಾನೇ ಹುಟ್ಟಿದ ಕುರಿಮರಿಯ ಕೂಗನ್ನು ಮೊಬೈಲಿಗೆ ಎರಡು ಬಗೆಯಲ್ಲಿ ತುಂಬಿಕೊಂಡಿದ್ದಳು. ಮರುದಿನ ಮರಿ ಸತ್ತಿತು. ಮೂರು ದಿನ ಮೇವು ಮುಟ್ಟದ ತಾಯಿಕುರಿ ನಾಲ್ಕನೆಯ ಸಂಜೆ ತೊಗರಿ ಹೊಟ್ಟಿಗೆ ಬಾಯಿ ಹಾಕಿತು. ಇನ್ನು ಬದುಕುತ್ತದೆ ಅಂದುಕೊಂಡೆ.

ಆಗಲೇ ಇವಳು ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಳು. "ಅಜ್ಜಿ, ಒಂದು ಸಣ್ಣ ಗುಣಮಟ್ಟದ್ದು, ಜಾಗಾ ಕಮ್ಮಿ ತಿಂತದ. ಇನ್ನೊಂದು ದೊಡ್ಡದು, ದನ್ಯಾಗಿಂದು ಏನೂ ಬಿಡಂಗಿಲ್ಲ. ಯಾವ್ದು ಛಲೋ ಅದ ಹೇಳ್ರಿ."

"ನನ್ನ ಕಿವಿಗಿ ಎರಡೂ ಒಂದ. ಸಾಲಿ ಕಲ್ತಾಕಿ ನೀ, ನನಗ್ಯಾಕ ಕೇಳ್ತಿ?"

ಸಣ್ಣದನ್ನು ಹಚ್ಚಿದಾಗ ಕುರಿ ಮೆಲ್ಲುತ್ತಲೇ ಇತ್ತು. ದೊಡ್ಡದನ್ನು ಹಚ್ಚಿದೊಡನೆ ಬಾಯೊಳಗಿನ ಹೊಟ್ಟು ಕೆಳಗೆ ಬಿತ್ತು. ನೆಟ್ಟಗೆ ಬಂದು ಮೊಬೈಲು ಮೂಸಿ, ಎಳೆಮರಿಗೆಂದೇ ಕುರಿಗಳು ಎತ್ತಿಟ್ಟುಕೊಳ್ಳುವ ಆ ಗಂಟಲೊಳಗಿನ ದನಿಯಲ್ಲಿ ಓಗೊಟ್ಟಿತು. ಕೆಚ್ಚಲಿನಿಂದ ಹಾಲು ತಾನಾಗಿ ಮಣ್ಣಿಗೆ ತೊಟ್ಟಿಕ್ಕಿತು. ಸುವರ್ಣಾ ಬೆದರಿ ಸದ್ದು ನಿಲ್ಲಿಸಿದಳು. ಕುರಿ ಮೊಬೈಲಿನ ಹಿಂದಕ್ಕೆ ಹೋಗಿ ನೋಡಿತು.

ಸಣ್ಣದರಲ್ಲಿ ಬಿಟ್ಟುಹೋಗುವುದು ಏನು, ನನಗೆ ತಿಳಿಯದು. ನಮ್ಮ ನೆನಪೂ ಅದನ್ನೇ ಬಿಡುತ್ತದೆ. ನನ್ನ ಗಂಡ ಹೋಗಿ ಬಹಳ ವರ್ಷವಾಯಿತು. ಅವನ ಮಾತು ನೆನಪಿದೆ, ಮಾತಿನ ನಡುವಿನ ಉಸಿರು ನೆನಪಿಲ್ಲ. ಅದಕ್ಕೇ ನನಗೆ ರೊಟ್ಟಿ ಇಳಿಯುತ್ತದೆ. ಏನೂ ಬಿಡದ ದನಿಯಲ್ಲಿ ಅವನು ಬಾಗಿಲಾಚೆ ಕೆಮ್ಮಿದರೆ, ಸತ್ತವನೆಂದು ಗೊತ್ತಿದ್ದೂ ನಾನು ಅಗಳಿ ತೆಗೆಯಲು ಏಳುತ್ತೇನೆ.

ಬೆಳಗಾದಾಗ ಹೊಟ್ಟು ಹಾಕಿದ್ದು ಹಾಕಿದಂತೆಯೇ ಇತ್ತು, ಕುರಿ ಕಟ್ಟೆಯ ಮುಂದೆ ನಿಂತೇ ಇತ್ತು. ನೆರೆಯವರ ಕುರಿ ಅವಳಿ ಈದಿತ್ತು, ಅದರ ಹಾಲು ಒಂದು ಮರಿಗೂ ಸಾಲುತ್ತಿರಲಿಲ್ಲ. ಇನ್ನೊಂದು ಮರಿಯನ್ನು ಎತ್ತಿ ತಂದೆ. ತನ್ನದೇ ವಾಸನೆ ಅನ್ನಿಸಲೆಂದು ನಮ್ಮ ಕುರಿಯ ಹಾಲನ್ನೇ ಹಿಂಡಿ ಆ ಮರಿಯ ಬೆನ್ನಿಗೂ ಬಾಲಕ್ಕೂ ಸವರಿದೆ.

"ಹಚ್ಚು. ದೊಡ್ಡದನ್ನ ಹಚ್ಚು," ಅಂದೆ.

ಕುರಿ ಮೊಬೈಲಿನತ್ತ ನುಗ್ಗಿತು. ಮರಿಯನ್ನು ಅದರ ಕೆಚ್ಚಲಿನ ಕೆಳಗೆ ತಳ್ಳಿದೆ. ಅದು ಮೊಲೆ ಕಚ್ಚಿತು. ಕುರಿ ಬಾಲ ಮೂಸಿ, ಒದೆಯದೆ ನಿಂತು, ಸ್ವಲ್ಪ ಹೊತ್ತಿಗೆ ಹೊಟ್ಟಿಗೆ ಬಗ್ಗಿತು.

"ಈಗ ಅಳಸಿ ಹಾಕು."

"ಅಜ್ಜಿ, ಇಂಥಾ ದನಿ ಮತ್ತ ಸಿಗಂಗಿಲ್ರಿ!"

"ಅದಕ್ಕ ಹೇಳ್ತೇನಿ."

ಅವಳ ಬೆರಳು ಏಳಲಿಲ್ಲ. ಮೊಬೈಲಿನ ಅಕ್ಷರ ನನಗೆ ಬಾರದು. ಎಲ್ಲಿ ಒತ್ತಬೇಕು ತೋರಿಸು ಎಂದೆ. ತೋರಿಸಿದಳು. ಒತ್ತಿದೆ.